ಸಾಕ್ಷ್ಯಚಿತ್ರಕ್ಕೊಂದು ಪಾಟೀಸವಾಲು



ರಾತ್ರಿ ಊಟ ಮುಗಿಸಿ, ಮೊಬೈಲನ್ನು ಗೋಡೆಗೆ ಒರಗಿಸಿಟ್ಟು ಯುದ್ಧದ ಸಾಕ್ಷ್ಯಚಿತ್ರ ನೋಡುವವರು ಈಗ ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ತಿಂಗಳ ಚಂದಾ ಕಟ್ಟಿದರೆ ಸಿನಿಮಾ, ಧಾರಾವಾಹಿಗಳ ಜೊತೆಗೆ ಎರಡು ಮಹಾಯುದ್ಧಗಳೂ ಮನೆಗೆ ಬರುತ್ತವೆ. 1973ರಲ್ಲಿ ಬ್ರಿಟನ್ನಿನಲ್ಲಿ ಪ್ರಸಾರ ಆರಂಭವಾದ 26 ಕಂತುಗಳ ‘ದಿ ವರ್ಲ್ಡ್ ಅಟ್ ವಾರ್’ ಹಳೆಯ ದಾರಿ ಹಾಕಿಕೊಟ್ಟಿತು. 2019ರಲ್ಲಿ ನೆಟ್‌ಫ್ಲಿಕ್ಸ್ ಎರಡನೇ ಮಹಾಯುದ್ಧದ ಹಳೆಯ ಚಿತ್ರಗಳಿಗೆ ಬಣ್ಣ ಹಚ್ಚಿದ 10 ಕಂತುಗಳನ್ನು ತೋರಿಸಿತು. ಇವನ್ನು ನೋಡಬೇಡಿ ಎನ್ನಲು ನಾನು ಬಂದಿಲ್ಲ. ಅವಶ್ಯವಾಗಿ ನೋಡಿ. ಹೇಗೆ ನೋಡಬೇಕು ಎಂಬುದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಸಾಕ್ಷ್ಯಚಿತ್ರ ಎಂಬ ಹೆಸರಿನಲ್ಲೇ ಸಾಕ್ಷ್ಯ ಇದೆ. ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದೆಲ್ಲವನ್ನೂ ಹಾಗೆಯೇ ಒಪ್ಪಿಕೊಳ್ಳುತ್ತಾರೆಯೇ? ಇಲ್ಲ, ಎದುರು ವಕೀಲರು ಪಾಟೀಸವಾಲು ಹಾಕುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರೂ ಹೇಳಿದ್ದಾರೆ. ಯುದ್ಧದ ಚಿತ್ರಕ್ಕೆ ನಾವು ಹಾಕಬೇಕಾದ ಸವಾಲುಗಳು ಮೂರು.

ಮೊದಲನೆಯದು: ಕ್ಯಾಮೆರಾ ಎಲ್ಲಿತ್ತು? 1916ರ ಜುಲೈ 1ರಂದು ಫ್ರಾನ್ಸಿನ ಸೊಮ್ ನದಿಯ ಪ್ರದೇಶದಲ್ಲಿ ಬ್ರಿಟಿಷ್ ಸೈನ್ಯ ದಾಳಿಗೆ ಹೊರಟಿತು. ಆ ಒಂದೇ ದಿನ ಅವರ ಕಡೆ 19,000ಕ್ಕೂ ಹೆಚ್ಚು ಮಂದಿ ಸತ್ತರು. ಜೆಫ್ರಿ ಮ್ಯಾಲಿನ್ಸ್ ಮತ್ತು ಜಾನ್ ಮೆಕ್‌ಡವೆಲ್ ತೆಗೆದ ‘ದಿ ಬ್ಯಾಟಲ್ ಆಫ್ ದಿ ಸೊಮ್’ ಚಿತ್ರ ಅದೇ ಆಗಸ್ಟಿನಲ್ಲಿ ತೆರೆಗೆ ಬಂದಿತು. ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಅದು. ಅದರಲ್ಲಿ ಹಾಥಾರ್ನ್ ದಿಬ್ಬದ ಕೆಳಗೆ ಹೂತಿಟ್ಟ ಸಿಡಿಮದ್ದು ಸ್ಫೋಟಿಸುವ ದೃಶ್ಯ ನಿಜವಾದದ್ದು. ಆದರೆ ಸೈನಿಕರು ಕಂದಕ ಹತ್ತಿ ಹೋಗುವಾಗ ಒಬ್ಬ ಗುಂಡು ತಗುಲಿ ಜಾರಿ ಬೀಳುತ್ತಾನಲ್ಲ, ಆ ದೃಶ್ಯವನ್ನು ರಣರಂಗದ ಹಿಂದಿನ ತರಬೇತಿ ಶಾಲೆಯೊಂದರಲ್ಲಿ ಆಡಿಸಿ ತೆಗೆದದ್ದು. ಇಂದಿಗೂ ಎಷ್ಟೋ ಚಿತ್ರಗಳಲ್ಲಿ ಅದೇ ತುಣುಕು ನಿಜವೆಂಬಂತೆ ಬಂದು ಹೋಗುತ್ತದೆ. ಒಂದೇ ಚಿತ್ರದೊಳಗೆ ಸತ್ಯವೂ ಇದೆ, ನಟನೆಯೂ ಇದೆ. ಬೇರ್ಪಡಿಸಿ ನೋಡುವ ಕೆಲಸ ನಮ್ಮದು.

ಎರಡನೆಯದು: ಬಣ್ಣ ಮತ್ತು ಸದ್ದು ಎಲ್ಲಿಂದ ಬಂದವು? ಆ ಕಾಲದ ಚಿತ್ರಗಳು ಮೂಕಚಿತ್ರಗಳು. 2018ರಲ್ಲಿ ನಿರ್ದೇಶಕ ಪೀಟರ್ ಜಾಕ್ಸನ್ ‘ದೇ ಶಲ್ ನಾಟ್ ಗ್ರೋ ಓಲ್ಡ್’ ಚಿತ್ರಕ್ಕಾಗಿ ಅವುಗಳ ವೇಗ ಸರಿಪಡಿಸಿ, ಬಣ್ಣ ಹಚ್ಚಿಸಿದರು. ತುಟಿಯ ಚಲನೆ ನೋಡಿ ಮಾತು ಗುರುತಿಸುವವರನ್ನು ಕರೆಸಿ, ಸೈನಿಕರು ಏನು ಹೇಳುತ್ತಿದ್ದಾರೆಂದು ತಿಳಿದು, ನಟರಿಂದ ಮಾತಾಡಿಸಿದರು. ಕುಪ್ಪಳಿಸುತ್ತಾ ಓಡುತ್ತಿದ್ದ ಗೊಂಬೆಗಳು ಒಮ್ಮೆಲೇ ಮನುಷ್ಯರಾದರು. ಅದು ದೊಡ್ಡ ಕೆಲಸವೇ. ಆದರೂ ಆ ಬಣ್ಣ, ಆ ಸದ್ದು ನೂರು ವರ್ಷಗಳ ನಂತರ ಸೇರಿಸಿದವು ಎಂಬುದು ನೆನಪಿರಲಿ. ಅದೇ ಚಿತ್ರದಲ್ಲಿ ಕಥೆ ಹೇಳುವ ವೃದ್ಧರ ಧ್ವನಿಗಳು ಮಾತ್ರ ಅಸಲು. ಯುದ್ಧಕ್ಕೆ ಹೋಗಿ ಬಂದವರನ್ನು ಅವರ ಮುಪ್ಪಿನಲ್ಲಿ ಮಾತನಾಡಿಸಿ, ಧ್ವನಿ ಹಿಡಿದಿಟ್ಟಿದ್ದರು.

ಮೂರನೆಯದೇ ನಮಗೆ ಮುಖ್ಯ: ಯಾರು ಕಾಣುತ್ತಿಲ್ಲ? ಮೊದಲ ಮಹಾಯುದ್ಧಕ್ಕೆ 10 ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿ ಹೋದರು. 70,000ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಭರ್ಜಿ ಹಿಡಿದ ಕುದುರೆ ಸವಾರರು ಗೆದ್ದರು. ಜೋಧಪುರದವರು ಪಟ್ಟಣಕ್ಕೆ ನುಗ್ಗಿದರೆ, ಮೈಸೂರು ಲ್ಯಾನ್ಸರ್ಸ್ ಪಡೆಯವರು ಕಾರ್ಮೆಲ್ ಬೆಟ್ಟ ಹತ್ತಿ ತೋಪುಗಳನ್ನು ಹಿಡಿದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದು ಸಂಸ್ಥಾನಗಳ ಸೈನಿಕರ ನೆನಪಿಗೆ ನಿಂತಿವೆ. ಎರಡನೇ ಯುದ್ಧದಲ್ಲಿ ಭಾರತೀಯ ಸೇನೆ 25 ಲಕ್ಷಕ್ಕೆ ಬೆಳೆಯಿತು. ಅದೇ ಯುದ್ಧದ ನಡುವೆ, 1943ರಲ್ಲಿ, ಬಂಗಾಳದ ಬರಗಾಲಕ್ಕೆ ಸುಮಾರು 30 ಲಕ್ಷ ಜನ ಬಲಿಯಾದರು. ಗಂಟೆಗಟ್ಟಲೆ ಟ್ಯಾಂಕು, ವಿಮಾನ ತೋರಿಸುವ ಚಿತ್ರದಲ್ಲಿ ಇವರಿಗೆ ಎಷ್ಟು ನಿಮಿಷ ಸಿಕ್ಕಿತು, ಲೆಕ್ಕ ಹಾಕಿ ನೋಡಿ.

ಬರ್ಲಿನ್ ಬಳಿಯ ವುನ್ಸ್‌ಡಾರ್ಫಿನ ಸೆರೆಶಿಬಿರದಲ್ಲಿ ಜರ್ಮನ್ ವಿದ್ವಾಂಸರು ಭಾಷೆಗಳ ಅಧ್ಯಯನಕ್ಕೆಂದು ಭಾರತೀಯ ಕೈದಿಗಳ ಧ್ವನಿಯನ್ನು ಮುದ್ರಿಸಿಕೊಂಡರು. 1916ರ ಡಿಸೆಂಬರಿನಲ್ಲಿ ಮಲ್ಲ ಸಿಂಗ್ ಎಂಬ ಪಂಜಾಬಿ ಸೈನಿಕ, ಒಬ್ಬ ಮನುಷ್ಯನಿದ್ದ ಎಂದು ಬೇರೆ ಯಾರದೋ ಕಥೆಯಂತೆ, ತನ್ನ ಊರಿನ ಬೆಣ್ಣೆಯನ್ನೂ ಮರಳುವ ಆಸೆಯನ್ನೂ ಹೇಳಿಕೊಂಡ. 2007ರಲ್ಲಿ ಫಿಲಿಪ್ ಶೆಫ್ನರ್ ಆ ಧ್ವನಿಗಳ ಬೆನ್ನು ಹತ್ತಿ ‘ದಿ ಹಾಫ್‌ಮೂನ್ ಫೈಲ್ಸ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ತೋಪಿನ ಸದ್ದಿಗಿಂತ ಒಬ್ಬ ಮನುಷ್ಯನ ಕೊರಳು ಹೆಚ್ಚು ದೂರ ಕೇಳುತ್ತದೆ.

ಗಡಿನಾಡಿನ ನನ್ನ ಕೇಳುಗರೇ, ಎರಡು ಭಾಷೆ ಬಲ್ಲ ನಿಮಗೆ ಈ ಪಾಟೀಸವಾಲು ಕಷ್ಟವಲ್ಲ. ಒಂದೇ ಜಗಳವನ್ನು ಆ ಭಾಷೆಯವರು ಹೇಗೆ ಹೇಳುತ್ತಾರೆ, ಈ ಭಾಷೆಯವರು ಹೇಗೆ ಹೇಳುತ್ತಾರೆ ಎಂಬುದನ್ನು ನೀವು ಸಂತೆಯಲ್ಲಿ, ಬಸ್ಸಿನಲ್ಲಿ ದಿನವೂ ಕೇಳುತ್ತೀರಿ. ಆ ಕಿವಿಯನ್ನೇ ಯುದ್ಧದ ಚಿತ್ರಕ್ಕೂ ಕೊಡಿ.

ಇನ್ನೊಂದು ಕೆಲಸವಿದೆ. ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವಿದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ನಿಮ್ಮ ಸುತ್ತಮುತ್ತ ಸೇನೆಯಿಂದ ನಿವೃತ್ತರಾದವರು ಇದ್ದೇ ಇರುತ್ತಾರೆ. 1971ರಲ್ಲಿ ಕಾದಿದವರು ಈಗ ಎಪ್ಪತ್ತು ದಾಟಿದವರು. ಚಿತ್ರ ನೋಡುವ ಅದೇ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಲೂ ಬರುತ್ತದೆ. ಅವರ ಒಪ್ಪಿಗೆ ಪಡೆದು, ಬಳಿ ಕೂತು, ಅವರು ಆಡುವ ಮಾತಿನಲ್ಲೇ ಕೇಳಿ. ಗುಂಡು ಹಾರಿಸಿದ್ದನ್ನು ಮಾತ್ರ ಕೇಳಬೇಡಿ. ಏನು ಉಂಡರು, ಮನೆಗೆ ಪತ್ರ ಯಾರು ಬರೆದುಕೊಟ್ಟರು, ಜೊತೆಗಾರರಲ್ಲಿ ಯಾರು ಹಿಂತಿರುಗಲಿಲ್ಲ ಎಂದು ಕೇಳಿ. ಗಂಡನ ದಾರಿ ಕಾಯುತ್ತಾ ಹೊಲ ನಡೆಸಿದ ಅಜ್ಜಿಯನ್ನೂ ಕೇಳಿ. ನಾಳೆ ಯಾರಾದರೂ ಈ ನಾಡಿನ ಸಾಕ್ಷ್ಯಚಿತ್ರ ಮಾಡಲು ಹೊರಟರೆ, ಅವರಿಗೆ ಅಸಲು ಸಾಕ್ಷ್ಯ ನಿಮ್ಮ ಮನೆಯಲ್ಲಿ ಸಿಗಲಿ.