ನಾಯಿ ಸಾಕುವವರ ಹೊಣೆ, ನಮ್ಮೆಲ್ಲರ ಎಚ್ಚರ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

 

ಇಂತಹ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಪರೀಕ್ಷೆ, ಫಲಿತಾಂಶ, ವಿದ್ಯಾರ್ಥಿವೇತನಗಳ ಬಗ್ಗೆ ಮಾತನಾಡುತ್ತೇವೆ. ಇಂದು ನಾನು ನಾಯಿಗಳ ಬಗ್ಗೆ ಮಾತನಾಡಲು ನಿಂತಿದ್ದೇನೆ. ಕೆಲವರಿಗೆ ನಗು ಬರಬಹುದು. ಆದರೆ ನಮ್ಮ ಮಕ್ಕಳು ಬೆಳಿಗ್ಗೆ ಮದರಸಾಕ್ಕೆ, ಟ್ಯೂಷನ್ನಿಗೆ, ಹಾಲು ತರುವುದಕ್ಕೆ ಹೊರಟಾಗ ಬೀದಿಯಲ್ಲಿ ಮೊದಲು ಎದುರಾಗುವುದು ನಾಯಿಯೇ. 2024ರಲ್ಲಿ ನಮ್ಮ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ನಾಯಿ ಕಡಿತದ ಪ್ರಕರಣಗಳು ದಾಖಲಾದವು ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಹುಚ್ಚು ಹಿಡಿದಿರಬಹುದಾದ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇಕಡಾ 40ರಷ್ಟು ಜನ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಇದು ಶಾಲೆಯ ವಿಷಯವೇ ಆಗಿದೆ.

"ಮಾಸ್ಟರ್, ನಮ್ಮ ಮನೆಗಳಲ್ಲಿ ನಾಯಿ ಸಾಕುವವರೇ ಕಡಿಮೆ, ಇದು ನಮಗೇಕೆ?" ಎಂದು ನೀವು ಕೇಳಬಹುದು. ತೋಟ, ಹೊಲ, ಕುರಿಹಟ್ಟಿಯ ಕಾವಲಿಗೆ ನಾಯಿ ಇಟ್ಟವರು ನಮ್ಮಲ್ಲೂ ಇದ್ದಾರೆ. ಅದಿರಲಿ, ನಾಯಿಯನ್ನು ಮನೆಯೊಳಗೆ ಬಿಟ್ಟುಕೊಳ್ಳದಿರುವುದು ಬೇರೆ, ಅದಕ್ಕೆ ಕಲ್ಲೆಸೆಯುವುದು ಬೇರೆ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದು ಕುಡಿಸಿದವನ ಕಥೆಯನ್ನು ಹದೀಸಿನಲ್ಲಿ ಕೇಳಿಯೇ ನಾವೆಲ್ಲ ಬೆಳೆದಿದ್ದೇವೆ. ದಯೆಯೂ ನಮ್ಮ ಪಾಠ, ಎಚ್ಚರವೂ ನಮ್ಮ ಪಾಠ.

ನಾನು ಹೇಳಬೇಕಾದ ಮಾತು ಒಂದೇ. ನಾಯಿಯಿಂದ ಆಗುವ ಅನಾಹುತಗಳ ಹಿಂದೆ ಬಹುಪಾಲು ಮನುಷ್ಯನ ಅಲಕ್ಷ್ಯವಿರುತ್ತದೆ. ಸಾಕಿದವನ ಅಲಕ್ಷ್ಯ, ಮರಿ ಮಾಡಿಸಿ ಮಾರಿದವನ ಅಲಕ್ಷ್ಯ, ಬೀದಿಗೆ ಕಸ ಎಸೆದವನ ಅಲಕ್ಷ್ಯ, ಕೊನೆಗೆ ಗಾಯವನ್ನು ಮುಚ್ಚಿಟ್ಟವನ ಅಲಕ್ಷ್ಯ. ಈ ನಾಲ್ಕನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದಾಗಿ, ಸಾಕುವವರ ವಿಷಯ. 2022ರ ಜುಲೈನಲ್ಲಿ ಲಕ್ನೋ ನಗರದಲ್ಲಿ 82 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯಲ್ಲಿಯೇ, ಮಗ ಸಾಕಿದ್ದ ಪಿಟ್ ಬುಲ್ ನಾಯಿಯ ದಾಳಿಗೆ ಬಲಿಯಾದರು. 2024ರ ಮೇ ತಿಂಗಳಲ್ಲಿ ಚೆನ್ನೈನ ಒಂದು ಪಾರ್ಕಿನಲ್ಲಿ, ಅಲ್ಲಿನ ಕಾವಲುಗಾರರ ಐದು ವರ್ಷದ ಮಗಳ ಮೇಲೆ ಎರಡು ರಾಟ್‌ವೀಲರ್ ನಾಯಿಗಳು ಎರಗಿ ತಲೆಗೆ ತೀವ್ರ ಗಾಯ ಮಾಡಿದವು. ಅವುಗಳಿಗೆ ಹಗ್ಗವೂ ಇರಲಿಲ್ಲ, ಬಾಯಿಕುಕ್ಕೆಯೂ ಇರಲಿಲ್ಲ. ಮಾಲೀಕರನ್ನು ಪೊಲೀಸರು ಬಂಧಿಸಿದರು. ಒಂದು ಹಗ್ಗ, ಒಂದು ಬಾಯಿಕುಕ್ಕೆ ಹಾಕಿದ್ದರೆ ಆ ಮಗು ಅಂದು ಆಡಿಕೊಂಡು ಮನೆಗೆ ಹೋಗುತ್ತಿತ್ತು.

"ಬೊಗಳುವ ನಾಯಿ ಕಚ್ಚುವುದಿಲ್ಲ" ಎಂಬ ಗಾದೆ ಕನ್ನಡದಲ್ಲೂ ಇದೆ, ಉರ್ದುವಿನಲ್ಲೂ ಇದೆ. ಎರಡೂ ಭಾಷೆಯ ತರಗತಿಗಳಲ್ಲಿ ನಾನು ಅದನ್ನು ಕಲಿಸುತ್ತೇನೆ. ಮನುಷ್ಯರ ಬಗ್ಗೆ ಹೇಳುವಾಗ ಆ ಮಾತು ಚೆನ್ನ. ನಾಯಿಯ ವಿಷಯದಲ್ಲಿ ಮಾತ್ರ ಅದನ್ನು ನಂಬಬೇಡಿ. ಬೊಗಳುವುದು, ಗುರ್ರೆನ್ನುವುದು, ಹಲ್ಲು ತೋರಿಸುವುದು, ಮೈ ಸೆಟೆದು ನಿಲ್ಲುವುದು, ಇವೆಲ್ಲ ನಾಯಿ ಕೊಡುವ ಎಚ್ಚರಿಕೆಗಳು. "ನಮ್ಮ ನಾಯಿ ಏನೂ ಮಾಡುವುದಿಲ್ಲ ಬನ್ನಿ" ಎಂದು ಗೇಟು ತೆರೆಯುವ ಮಾಲೀಕರನ್ನು ನೀವೂ ನೋಡಿದ್ದೀರಿ. ಅದು ಅವರಿಗೆ ಏನೂ ಮಾಡುವುದಿಲ್ಲ, ನಿಜ. ಬಂದವರು ಅದಕ್ಕೆ ಅಪರಿಚಿತರು.

ಹಾಗಾದರೆ ಸಾಕುವವರು ಏನು ಮಾಡಬೇಕು? ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಬೇಕು. ಆಮೇಲೆ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ ಹಾಕಿಸಬೇಕು. ನಗರಸಭೆ, ಪಾಲಿಕೆಗಳಲ್ಲಿ ಲೈಸೆನ್ಸ್ ಪದ್ಧತಿ ಇದ್ದರೆ ಮಾಡಿಸಿಕೊಳ್ಳಬೇಕು. ಹೊರಗೆ ಕರೆದೊಯ್ಯುವಾಗ ಹಗ್ಗ ಕೈಯಲ್ಲಿರಬೇಕು, ಆ ಕೈಗೆ ನಾಯಿಯನ್ನು ತಡೆಯುವ ಬಲವೂ ಇರಬೇಕು. ದೊಡ್ಡ ನಾಯಿಯ ಹಗ್ಗವನ್ನು ಎಂಟು ವರ್ಷದ ಹುಡುಗನ ಕೈಗೆ ಕೊಡುವುದು ತಪ್ಪು. ಚಿಕ್ಕ ಮಕ್ಕಳನ್ನು ಯಾವ ನಾಯಿಯ ಬಳಿಯೂ ಒಂಟಿಯಾಗಿ ಬಿಡಬಾರದು. ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿಗೆ ಓಡಾಟವಿಲ್ಲದೆ, ಜನರ ಒಡನಾಟವಿಲ್ಲದೆ ಸಿಟ್ಟು ಹೆಚ್ಚುತ್ತದೆ. ತಮಾಷೆಗೆಂದು ದಾರಿಹೋಕರ ಮೇಲೆ ಛೂ ಬಿಟ್ಟು ಅಭ್ಯಾಸ ಮಾಡಿಸಿದ ನಾಯಿಗೆ, ಯಾವುದು ತಮಾಷೆ ಯಾವುದು ನಿಜ ಎಂದು ತಿಳಿಯುವುದಿಲ್ಲ. ಸಾಕಲು ಆಗದಿದ್ದರೆ ಇನ್ನೊಬ್ಬ ಸರಿಯಾದ ಮಾಲೀಕರಿಗೆ ಒಪ್ಪಿಸಬೇಕೇ ಹೊರತು ರಾತ್ರೋರಾತ್ರಿ ಊರಾಚೆ ಬಿಟ್ಟು ಬರಬಾರದು.

ಕಾನೂನು ಕೂಡ ಸುಮ್ಮನಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಎರಡನೆಯದಾಗಿ, ಮರಿ ಮಾಡಿಸಿ ಮಾರುವವರ ವಿಷಯ. "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎನ್ನುತ್ತಾರೆ. ಹೆದರಿಕೆಯ, ಸಿಡುಕಿನ ಸ್ವಭಾವದ ನಾಯಿಗಳಿಂದ ಮರಿ ಮಾಡಿಸಿದರೆ ಅದೇ ಸ್ವಭಾವ ಮುಂದುವರಿಯುವ ಸಾಧ್ಯತೆ ಹೆಚ್ಚು. ಇದಕ್ಕೆ ಬೆಳೆಸುವ ರೀತಿಯೂ ಸೇರುತ್ತದೆ. ಮರಿಗೆ ಮೂರು ವಾರದಿಂದ ಹನ್ನೆರಡು, ಹದಿನಾಲ್ಕು ವಾರದವರೆಗಿನ ಕಾಲ ಬಹಳ ಮುಖ್ಯವಾದುದು. ಮನುಷ್ಯರು, ಮಕ್ಕಳು, ವಾಹನಗಳ ಸದ್ದು, ಇವೆಲ್ಲ ಅದಕ್ಕೆ ಪರಿಚಯವಾಗುವುದು ಆಗಲೇ. ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಾ, ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದೂ ಆಗಲೇ. ಬೇಗ ದುಡ್ಡು ಮಾಡುವ ಆಸೆಯಿಂದ ನಾಲ್ಕೈದು ವಾರಕ್ಕೇ ಮರಿಯನ್ನು ರಟ್ಟಿನ ಡಬ್ಬದಲ್ಲಿಟ್ಟು ಮಾರಿದರೆ ಈ ಪಾಠ ಅರ್ಧಕ್ಕೇ ನಿಲ್ಲುತ್ತದೆ.

ಇದನ್ನು ತಡೆಯಲು 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳನ್ನು ತಂದಿದೆ. ಅದರಂತೆ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಹದಿನೆಂಟು ತಿಂಗಳು ತುಂಬದ ಹೆಣ್ಣು ನಾಯಿಯಿಂದ ಮರಿ ಮಾಡಿಸಬಾರದು, ಅದರ ಇಡೀ ಆಯುಸ್ಸಿನಲ್ಲಿ ಐದು ಸೂಲಿಗಿಂತ ಹೆಚ್ಚು ಆಗಬಾರದು. ನಿಯಮ ಇದೆ, ಆದರೆ ಕೊಳ್ಳುವವರು ಕೇಳದಿದ್ದರೆ ಮಾರುವವರು ಪಾಲಿಸುವುದಿಲ್ಲ. ಮರಿ ಕೊಳ್ಳುವವರು ಅದರ ತಾಯಿಯನ್ನು ತೋರಿಸಿ ಎಂದು ಕೇಳಬೇಕು. ತೋರಿಸದವರಲ್ಲಿ ಕೊಳ್ಳಬಾರದು.

ಫ್ಯಾಷನ್ನಿನ ಹುಚ್ಚೂ ನಾಯಿಗೆ ಶಾಪ. 2003ರ ಸುಮಾರಿಗೆ ಹಚ್ ಮೊಬೈಲ್ ಕಂಪನಿಯ ಟಿ.ವಿ. ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡುವ ಪಗ್ ನಾಯಿ ಬಂದದ್ದು ಹಲವರಿಗೆ ನೆನಪಿರಬಹುದು. ಆಮೇಲೆ ಊರೂರಿನಲ್ಲಿ ಆ ಮರಿಗೆ ಬೇಡಿಕೆ ಬಂತು. ಚಪ್ಪಟೆ ಮುಖದ ಆ ನಾಯಿಗೆ ಉಸಿರಾಟವೇ ಕಷ್ಟ, ಸೆಖೆ ತಡೆಯುವುದಿಲ್ಲ. ಚಂದಕ್ಕಾಗಿ ಮನುಷ್ಯನೇ ಅದರ ಮುಖವನ್ನು ತಲೆಮಾರುಗಳಿಂದ ಚಪ್ಪಟೆ ಮಾಡಿದ್ದಾನೆ. ಇದಕ್ಕೆ ಎದುರಾಗಿ ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿ. ಓಟಕ್ಕೆ, ಬೇಟೆಗೆ, ಕಾವಲಿಗೆ ಎಂದು ಗುಣ ನೋಡಿ ಬೆಳೆಸಿದ ತಳಿ ಅದು. 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿ ಬಂತು. 2016ರಲ್ಲಿ ಭಾರತೀಯ ಸೇನೆ ತರಬೇತಿಗಾಗಿ ಮುಧೋಳ ಮರಿಗಳನ್ನು ಮೀರತ್‌ಗೆ ಕರೆಸಿಕೊಂಡಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದರ ಸಂಶೋಧನಾ ಕೇಂದ್ರವೇ ಇದೆ. ಆದರೆ ಬಯಲಿನಲ್ಲಿ ಓಡಬೇಕಾದ ಈ ನಾಯಿಯನ್ನು ಪೇಟೆಯ ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕಿದರೆ ಅದಕ್ಕೂ ಅನ್ಯಾಯವೇ.

ಕೆಲವು ತಳಿಗಳನ್ನೇ ನಿಷೇಧಿಸಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಬ್ರಿಟನ್ನಿನಲ್ಲಿ 1991ರಲ್ಲಿ ಅಪಾಯಕಾರಿ ನಾಯಿಗಳ ಕಾಯ್ದೆ ತಂದು ಪಿಟ್ ಬುಲ್ ಸೇರಿ ನಾಲ್ಕು ತಳಿಗಳನ್ನು ನಿಷೇಧಿಸಿದರು. ದಾಳಿಗಳು ನಿಲ್ಲಲಿಲ್ಲ. ಪಟ್ಟಿಯಲ್ಲಿ ಇಲ್ಲದ ಎಕ್ಸ್‌ಎಲ್ ಬುಲ್ಲಿ ಎಂಬ ದೈತ್ಯ ನಾಯಿಯನ್ನು ಜನ ಬೆಳೆಸಿದರು. ಅದರಿಂದ ಸಾವುಗಳಾದ ಮೇಲೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರ ಡಿಸೆಂಬರ್ 31ರಿಂದ ಅದರ ಮಾರಾಟವನ್ನೂ, 2024ರ ಫೆಬ್ರವರಿ 1ರಿಂದ ವಿನಾಯಿತಿ ಪತ್ರವಿಲ್ಲದೆ ಸಾಕುವುದನ್ನೂ ನಿಷೇಧಿಸಬೇಕಾಯಿತು. ನಮ್ಮಲ್ಲಿಯೂ 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ತಡೆಯುವಂತೆ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲ ಎಂಬ ಕಾರಣದಿಂದ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಬಲವಾದ ದವಡೆಯ ದೊಡ್ಡ ನಾಯಿ ಕಚ್ಚಿದರೆ ಗಾಯ ದೊಡ್ಡದಾಗುತ್ತದೆ ಎಂಬುದು ನಿಜವೇ. ಆದ್ದರಿಂದಲೇ ಅಂಥ ನಾಯಿ ಸಾಕುವವನ ಹೊಣೆಯೂ ದೊಡ್ಡದು. ಪಟ್ಟಿ ಎಷ್ಟೇ ಉದ್ದವಾದರೂ ಸಾಕುವವನೂ ಮಾರುವವನೂ ತಿದ್ದಿಕೊಳ್ಳದಿದ್ದರೆ ಇನ್ನೊಂದು ತಳಿ ಬಂದೇ ಬರುತ್ತದೆ.

ಮೂರನೆಯದು ಬೀದಿಯ ವಿಷಯ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಕೆಲವೇ ವಾರಗಳ ಅಂತರದಲ್ಲಿ ಇಬ್ಬರು ಪುಟ್ಟ ಮಕ್ಕಳು ಬೀದಿನಾಯಿಗಳ ಹಿಂಡಿಗೆ ಬಲಿಯಾದರು. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಅಂಬರ್‌ಪೇಟೆಯಲ್ಲಿ ನಾಲ್ಕು ವರ್ಷದ ಬಾಲಕನಿಗೆ ಅದೇ ಗತಿಯಾಯಿತು. ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕೆಂಬ ನಿಯಮ 2001ರಲ್ಲಿ ಬಂತು. 2023ರಲ್ಲಿ ಅದನ್ನು ಹೊಸದಾಗಿ ರೂಪಿಸಿದರು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳಿಂದ ಬೀದಿನಾಯಿಗಳನ್ನು ತೆರವುಗೊಳಿಸಬೇಕು, ಮರಳಿ ಅಲ್ಲಿಗೇ ಬಿಡಬಾರದು, ಆವರಣಕ್ಕೆ ಬೇಲಿ ಹಾಕಿಸಬೇಕು ಎಂದು ಆದೇಶಿಸಿತು.

ಕೋರ್ಟು ಆದೇಶ ಕೊಡಬಹುದು, ಪಾಲಿಕೆ ವಾಹನ ಕಳಿಸಬಹುದು. ಆದರೆ ಹಿಂಡು ಸೇರುವುದು ಅನ್ನ ಇರುವ ಕಡೆ. ಇಲ್ಲಿ ಒಂದು ಮಾತನ್ನು ನಮ್ಮವರಿಗೇ ಹೇಳುತ್ತೇನೆ, ಬೇಸರ ಪಡಬೇಡಿ. ಕೋಳಿ, ಮಾಂಸದ ಅಂಗಡಿಗಳ ತ್ಯಾಜ್ಯ ರಾತ್ರಿ ಮೋರಿಯ ಪಕ್ಕ ಬೀಳುತ್ತದೆ. ಶಾದಿ ಮಹಲ್‌ನ ಮದುವೆ ಊಟದ ಮೂಳೆ, ಎಂಜಲು ಖಾಲಿ ಸೈಟಿಗೆ ಬೀಳುತ್ತದೆ. ಬಕ್ರೀದ್ ದಿನಗಳಲ್ಲಿ ಏನಾಗುತ್ತದೆ ಎಂದು ನಿಮಗೇ ಗೊತ್ತು. ಮರುದಿನ ಬೆಳಿಗ್ಗೆ ಅದೇ ದಾರಿಯಲ್ಲಿ ನಮ್ಮದೇ ಮಕ್ಕಳು ಬ್ಯಾಗು ಹೊತ್ತು ನಡೆಯುತ್ತಾರೆ. ಸ್ವಚ್ಛತೆಯ ಬಗ್ಗೆ ನಮಗೆ ಬೇರೆಯವರು ಹೇಳಿಕೊಡಬೇಕೇ? ಜಮಾಅತಿನ ಹಿರಿಯರು ಮನಸ್ಸು ಮಾಡಿ, ತ್ಯಾಜ್ಯವನ್ನು ಕಟ್ಟಿಟ್ಟು ನಗರಸಭೆಯ ಗಾಡಿಗೇ ಕೊಡಬೇಕೆಂದು ಮೊಹಲ್ಲಾದಲ್ಲಿ ಒಂದು ಕಟ್ಟುಪಾಡು ಮಾಡಿದರೆ ಅದೇ ದೊಡ್ಡ ಉಪಕಾರ.

ನಾಲ್ಕನೆಯದು, ವಿದ್ಯಾರ್ಥಿಗಳೇ, ನೇರವಾಗಿ ನಿಮಗೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ಓಡುವುದನ್ನು ಬೆನ್ನಟ್ಟುವುದು ಅದರ ಸ್ವಭಾವ. ಮರದಂತೆ ಅಲುಗಾಡದೆ ನಿಲ್ಲಿ, ಕೈಗಳನ್ನು ಮೈಗೆ ಒತ್ತಿಕೊಳ್ಳಿ, ಅದರ ಕಣ್ಣನ್ನೇ ದಿಟ್ಟಿಸಬೇಡಿ, ಅದು ಸುಮ್ಮನಾದ ಮೇಲೆ ನಿಧಾನವಾಗಿ ಹಿಂದೆ ಸರಿಯಿರಿ. ಕೆಳಗೆ ಬಿದ್ದರೆ ಚೆಂಡಿನಂತೆ ಮುದುರಿಕೊಂಡು ಕತ್ತು, ಕಿವಿಗಳನ್ನು ಕೈಗಳಿಂದ ಮುಚ್ಚಿಕೊಳ್ಳಿ. ಉಣ್ಣುವ, ಮಲಗಿರುವ, ಮರಿಗಳ ಜೊತೆಯಿರುವ ನಾಯಿಯ ಹತ್ತಿರ ಹೋಗಬೇಡಿ.

ಕಚ್ಚಿದರೆ, ಪರಚಿದರೆ, ಆ ಕೂಡಲೇ ನಲ್ಲಿಯ ನೀರು ಬಿಟ್ಟು ಸೋಪಿನಿಂದ ಹದಿನೈದು ನಿಮಿಷ ತೊಳೆಯಿರಿ. ಖಾರದ ಪುಡಿ, ಸುಣ್ಣ, ಅರಿಶಿನ, ಕಾಫಿ ಪುಡಿ ಏನನ್ನೂ ಹಚ್ಚಬೇಡಿ. ತಾಯಿತ, ಮಂತ್ರ ಎಂದು ಹೊತ್ತು ಕಳೆಯಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹಿಂದೆ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಕೊಡುತ್ತಿದ್ದರು ಎಂದು ಅಜ್ಜಿಯರು ಹೆದರಿಸುವುದುಂಟು. ಆ ಹಳೆಯ ಲಸಿಕೆ ನಿಂತು ಎರಡು ದಶಕಗಳಾದವು. ಈಗ ತೋಳಿಗೆ ನಾಲ್ಕೈದು ದಿನಾಂಕಗಳಲ್ಲಿ ಕೊಡುತ್ತಾರೆ. ಆ ದಿನಾಂಕಗಳನ್ನು ತಪ್ಪಿಸಬಾರದು. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಸೀರಂ ಕೂಡ ಕೊಡಬೇಕಾಗುತ್ತದೆ, ಅದನ್ನು ಕೇಳಿ ಹಾಕಿಸಿಕೊಳ್ಳಿ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವವರು ಇಲ್ಲವೆಂದೇ ಹೇಳಬೇಕು. ಲಕ್ಷಣ ಬರುವ ಮೊದಲು ಸರಿಯಾಗಿ ಚಿಕಿತ್ಸೆ ಪಡೆದರೆ ಸಾಯುವವರು ಇಲ್ಲವೆಂದೇ ಹೇಳಬಹುದು. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಮೊದಲ ಬಾರಿಗೆ ಈ ಲಸಿಕೆ ಕೊಟ್ಟು ಬದುಕಿಸಿದರು. ಅಷ್ಟು ಹಳೆಯ ವಿದ್ಯೆ ನಮ್ಮ ಕೈಯಲ್ಲಿದ್ದೂ ಮಗುವೊಂದು ಸತ್ತರೆ ಅದು ವಿಧಿಯಲ್ಲ, ನಮ್ಮ ಅಲಕ್ಷ್ಯ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. "ಬೀದಿಯಲ್ಲಿ ಆಡಬೇಡ ಎಂದಿದ್ದೆನಲ್ಲ" ಎಂದು ಹೊಡೆಯುತ್ತೀರೆಂಬ ಭಯದಿಂದ ಮಕ್ಕಳು ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ಗಾಯ ಒಣಗುತ್ತದೆ, ವಿಷಾಣು ಒಳಗೇ ಇರುತ್ತದೆ. ಲಕ್ಷಣ ಕಾಣುವುದಕ್ಕೆ ತಿಂಗಳುಗಳೇ ಹಿಡಿಯಬಹುದು. "ಏನಾದರೂ ಕಚ್ಚಿದರೆ ಬಂದು ಹೇಳು, ನಾನು ಬೈಯುವುದಿಲ್ಲ" ಎಂಬ ಒಂದು ಮಾತನ್ನು ಇಂದು ರಾತ್ರಿ ಊಟದ ಹೊತ್ತಿಗೆ ನಿಮ್ಮ ಮಕ್ಕಳಿಗೆ ಹೇಳಿ.

ಇದೆಲ್ಲ ಆಗುವ ಕೆಲಸವೇ ಎಂದು ನಿರಾಶರಾಗಬೇಡಿ. ಗೋವಾದಲ್ಲಿ ನಾಯಿಗಳಿಗೆ ವ್ಯಾಪಕವಾಗಿ ಲಸಿಕೆ ಹಾಕಿದರು, ಜೊತೆಗೆ ಶಾಲೆ ಶಾಲೆಗೆ ಹೋಗಿ ಮಕ್ಕಳಿಗೂ ಶಿಕ್ಷಕರಿಗೂ ಇದೇ ಪಾಠ ಹೇಳಿದರು. 2021ರಲ್ಲಿ ಅದು ರೇಬೀಸ್ ಹತೋಟಿಗೆ ಬಂದ ರಾಜ್ಯವೆಂದು ಘೋಷಿತವಾಯಿತು. ಪ್ರತಿ ವರ್ಷ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅಂದು ನಮ್ಮ ಸಂಸ್ಥೆಯ ಶಾಲೆಗಳಲ್ಲಿ ಒಂದು ಪೀರಿಯಡ್ ಇದಕ್ಕಾಗಿ ಮೀಸಲಿಡಬೇಕು, ಊರಿನ ಪಶುವೈದ್ಯರನ್ನು ಕರೆಸಬೇಕು ಎಂದು ಆಡಳಿತ ಮಂಡಳಿಯನ್ನು ಕೋರುತ್ತೇನೆ. ಪಾಠವನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಸಿದ್ಧಪಡಿಸುವ ಕೆಲಸವನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ.