ಅಬ್ಬಾ ಉತ್ತ ಹೊಲದಲ್ಲಿ ಅಕ್ಕತಂಗಿಯರ ಪಾಲು

(ಬೇಗೂರಿನ ಮಸೀದಿಯಲ್ಲಿ ನೀಡಿದ ಜುಮುಅ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರು ಹಾಗೂ ಸಹಾಬಿಗಳ ಮೇಲೆ ಶಾಂತಿ ಮತ್ತು ಅನುಗ್ರಹವಿರಲಿ.



ಈ ವಾರ ನಾವು ನಮ್ಮ ಜಮಾಅತ್‌ನ ಹಿರಿಯ ರೈತರೊಬ್ಬರಿಗೆ ಮಣ್ಣು ಕೊಟ್ಟು ಬಂದೆವು. ತೊಂಬತ್ತರ ಆಸುಪಾಸಿನ ಆಯುಷ್ಯ. ಅವರು ಯಾರೆಂದು ನಿಮಗೆಲ್ಲ ಗೊತ್ತು. ಹೆಸರು ಅಚ್ಚಾಗುವುದು ಬೇಡ ಎಂಬುದು ಮನೆಯವರ ಇಚ್ಛೆ. ಅಲ್ಲಾಹನು ಅವರ ಕಬರನ್ನು ವಿಶಾಲಗೊಳಿಸಲಿ.

ಈಗ ಅಪಾರ್ಟ್‌ಮೆಂಟ್‌ಗಳು ನಿಂತಿರುವ ಕಡೆ ಅವರು ರಾಗಿ ಬಿತ್ತುತ್ತಿದ್ದರು. ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು. ಬಾವಿ ನೀರಿನಲ್ಲಿ ಸೊಪ್ಪು, ತರಕಾರಿ ಬೆಳೆದು, ಕತ್ತಲಿರುವಾಗಲೇ ಗಾಡಿ ಕಟ್ಟಿ ಸಿಟಿ ಮಾರ್ಕೆಟ್‌ಗೆ ಒಯ್ಯುತ್ತಿದ್ದರು. ದಾರಿಯಲ್ಲೇ ಗಾಡಿ ನಿಲ್ಲಿಸಿ ಫಜ್ರ್ ನಮಾಝ್ ಮಾಡುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಆರಂಭಿಸಿದಾಗ ಅವರು ನಡುವಯಸ್ಸಿನವರು. ಗುಂಟೆಯ ಲೆಕ್ಕದಲ್ಲಿದ್ದ ಹೊಲಗಳು ಚದರಡಿಯ ಲೆಕ್ಕಕ್ಕೆ ಬಂದದ್ದನ್ನು ಅವರು ಕಣ್ಣಾರೆ ಕಂಡರು. ಗಂಡುಮಕ್ಕಳಂತೆ ಹೆಣ್ಣುಮಕ್ಕಳನ್ನೂ ಓದಿಸಿದರು. ಹೆಂಡತಿ ಹಾಸಿಗೆ ಹಿಡಿದ ವರ್ಷಗಳಲ್ಲಿ ತಾವೇ ಗಂಜಿ ಕಾಯಿಸಿ ಕುಡಿಸಿದರು.

ಇಂಥ ಬದುಕನ್ನು ನೆನೆಯುವಾಗ ಹಝ್ರತ್ ಅನಸ್ ಬಿನ್ ಮಾಲಿಕ್(ರ) ನೆನಪಾಗುತ್ತಾರೆ. ಹತ್ತು ವರ್ಷದ ಹುಡುಗನಾಗಿದ್ದಾಗ ಅವರು ಪ್ರವಾದಿ(ಸ)ರ ಸೇವೆಗೆ ಸೇರಿದರು. ಮಗನಿಗಾಗಿ ಪ್ರಾರ್ಥಿಸಬೇಕೆಂದು ತಾಯಿ ಉಮ್ಮು ಸುಲೈಮ್(ರ) ಕೇಳಿಕೊಂಡಾಗ, ಪ್ರವಾದಿ(ಸ)ರು ಅವರ ಸಂಪತ್ತಿಗೂ ಸಂತತಿಗೂ ಬರ್ಕತ್ ಬೇಡಿದರು. ಅವರ ತೋಟ ವರ್ಷಕ್ಕೆ ಎರಡು ಬಾರಿ ಫಲ ಕೊಡುತ್ತಿತ್ತು. ಮಕ್ಕಳು, ಮೊಮ್ಮಕ್ಕಳ ಸಂಖ್ಯೆ ನೂರರಷ್ಟಾಗಿತ್ತು ಎಂದು ಹದೀಸ್‌ಗಳಲ್ಲಿ ಬಂದಿದೆ. ಬಸ್ರಾದಲ್ಲಿ ಕೊನೆಯುಸಿರೆಳೆದಾಗ ಅವರಿಗೆ ನೂರರ ಸಮೀಪದ ಪ್ರಾಯ. ಆಯುಷ್ಯ, ಆಸ್ತಿ, ಸಂತಾನ ಅನೇಕರಿಗೆ ಸಿಗುತ್ತವೆ. ಆದರೆ ಅವು ಒಳಿತಿಗೆ ಬಳಕೆಯಾದಾಗ ಮಾತ್ರ ಅದನ್ನು ಬರ್ಕತ್ ಎನ್ನುತ್ತೇವೆ.

ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಹಕ್ಕಿ, ಮನುಷ್ಯ, ಪ್ರಾಣಿ ಯಾವುದು ತಿಂದರೂ ಅದು ಅವನ ಪಾಲಿಗೆ ಸದಕಾ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ನಮ್ಮ ಹಿರಿಯರು ಬದುವಿನಲ್ಲಿ ನೆಟ್ಟ ನೇರಳೆ, ಹಲಸಿನ ಮರಗಳ ಹಣ್ಣನ್ನು ಊರಿನ ಎಲ್ಲ ಧರ್ಮದ ಮಕ್ಕಳೂ ತಿಂದಿದ್ದಾರೆ. ವರ್ತೂರು ಬಳಿಯ ಸೊರಹುಣಸೆಯವರಾದ ನಾಡೋಜ ಎಲ್. ನಾರಾಯಣ ರೆಡ್ಡಿಯವರು 2019ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಸಾವಯವ ಬೇಸಾಯವನ್ನು ಬಂದವರಿಗೆಲ್ಲ ಹೇಳಿಕೊಟ್ಟರು. ಮಣ್ಣನ್ನು ಮುಂದಿನವರಿಗಾಗಿ ಕಾಪಾಡಿದ ಇಂಥವರು ಯಾರೇ ಆಗಲಿ, ಗೌರವಕ್ಕೆ ಅರ್ಹರು.

ಸಹೋದರರೇ, ಮರ ನೆಟ್ಟವರು ಹೋದರು, ಭೂಮಿ ಉಳಿಯಿತು. ನಮ್ಮ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಶಾಸನವಿದೆ; ಬೆಂಗಳೂರಿನ ಹೆಸರು ಹೊತ್ತ ಕಾಳಗವೊಂದರ ಉಲ್ಲೇಖ ಅದರಲ್ಲಿದೆ. ಅಂದು ಹೋರಾಡಿದವರೂ ಇಲ್ಲ, ಆಳಿದವರೂ ಇಲ್ಲ. ಭೂಮಿ ಅಲ್ಲಾಹನದು, ನಮ್ಮ ಕೈಗೆ ಕೆಲಕಾಲ ಬಂದ ಅಮಾನತ್ ಅಷ್ಟೇ. ಆ ಅಮಾನತ್ತನ್ನು ಮುಂದಿನವರ ಕೈಗೆ ಹೇಗೆ ಒಪ್ಪಿಸುತ್ತೇವೆ ಎಂಬುದೇ ಇಂದು ನಮ್ಮ ಮುಂದಿರುವ ಪ್ರಶ್ನೆ.

ಹಿಂದೆ ಹೊಲಕ್ಕೆ ಬೆಲೆ ಇಲ್ಲದಿದ್ದಾಗ ಪಾಲಿನ ಜಗಳ ಕಡಿಮೆ ಇತ್ತು. ಈಗ ಕೋಟಿಯ ಮಾತು ಬಂದಿದೆ. ಅದರೊಂದಿಗೆ ಅಕ್ಕತಂಗಿಯರ ಹೆಸರು ಕಾಗದದಿಂದ ಮರೆಯಾಗತೊಡಗಿದೆ. ಉಹುದ್ ಯುದ್ಧದಲ್ಲಿ ಹುತಾತ್ಮರಾದ ಹ. ಸಅದ್ ಬಿನ್ ರಬೀಅ್(ರ)ರ ಆಸ್ತಿಯನ್ನೆಲ್ಲ ಅವರ ಸಹೋದರ ತೆಗೆದುಕೊಂಡಾಗ, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಅವರ ಪತ್ನಿ ಪ್ರವಾದಿ(ಸ)ರ ಬಳಿ ದೂರು ಹೇಳಿದರು. ಆಗ ವಾರೀಸು ಹಕ್ಕಿನ ಆಯತ್ ಅವತೀರ್ಣವಾಯಿತು. ಹೆಣ್ಣುಮಕ್ಕಳಿಗೆ ಮೂರನೇ ಎರಡು, ಪತ್ನಿಗೆ ಎಂಟನೇ ಒಂದು, ಉಳಿದದ್ದು ಸಹೋದರನಿಗೆ ಎಂದು ಪ್ರವಾದಿ(ಸ)ರು ತೀರ್ಪಿತ್ತರು. ಈ ಪಾಲು ಅಣ್ಣತಮ್ಮಂದಿರು ಮನಸ್ಸು ಮಾಡಿ ಕೊಡುವ ಉಡುಗೊರೆಯಲ್ಲ. ಅಲ್ಲಾಹನೇ ಕುರ್‌ಆನ್‌ನ ಸೂರಃ ಅನ್ನಿಸಾದಲ್ಲಿ ಅಳೆದು ಕೊಟ್ಟ ಹಕ್ಕು.

ಒಂದು ಲೆಕ್ಕ ನೋಡೋಣ. ತಂದೆ ಒಂದು ಎಕರೆ, ಅಂದರೆ 40 ಗುಂಟೆ ಬಿಟ್ಟು ಹೋದರು. ಮನೆಯಲ್ಲಿ ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಅಂತ್ಯಕ್ರಿಯೆಯ ಖರ್ಚು, ಸಾಲ, ಕೊಡದೆ ಉಳಿದ ಮಹರ್, ವಸಿಯ್ಯತ್ ಇದ್ದರೆ ಮೂರನೇ ಒಂದು ಭಾಗ ಮೀರದಂತೆ ಅದು, ಇವೆಲ್ಲ ಮೊದಲು ತೀರಬೇಕು. ತೀರಿಸುವುದು ಏನೂ ಇಲ್ಲವಾದರೆ ತಾಯಿಗೆ 5 ಗುಂಟೆ, ಗಂಡುಮಕ್ಕಳಿಗೆ ತಲಾ 14, ಮಗಳಿಗೆ 7. ಇಷ್ಟು ಸರಳವಾದ ಲೆಕ್ಕದ ಮುಂದೆ ನಾವು ಎಷ್ಟು ನೆಪ ಹೇಳುತ್ತೇವೆ!

ಮದುವೆಗೆ ಖರ್ಚು ಮಾಡಿದ್ದೇವಲ್ಲ ಎನ್ನುತ್ತಾರೆ. ಮದುವೆಯ ಖರ್ಚು ಬೇರೆ, ಪಾಲು ಬೇರೆ. ತಂಗಿಯೇ ಬೇಡ ಎಂದಳು ಎನ್ನುತ್ತಾರೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹೇಳಿದ ಬೇಡ ಎಂಬ ಮಾತು ಒಪ್ಪಿಗೆಯಾಗದು. ಮೊದಲು ಅವಳ ಪಾಲು ಅವಳ ಹೆಸರಿಗಾಗಲಿ, ಅವಳ ಕೈ ಸೇರಲಿ. ಆಮೇಲೆ ಸ್ವಂತ ಖುಷಿಯಿಂದ ಅಣ್ಣನಿಗೆ ಕೊಟ್ಟರೆ ಅದು ಅವಳ ಔದಾರ್ಯ. ಹಬ್ಬಕ್ಕೆ ಒಂದು ಸೀರೆ ಕೊಟ್ಟು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಜುಲ್ಮ್. ಗೇಣು ಭೂಮಿಯನ್ನು ಅನ್ಯಾಯವಾಗಿ ಕಸಿದವನ ಕೊರಳಿಗೆ ನಾಳೆ ಏಳು ಭೂಮಿಗಳ ಭಾರ ಬೀಳುತ್ತದೆ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಕಾಲು ಗಟ್ಟಿಯಿರುವಾಗಲೇ ಗಂಡು, ಹೆಣ್ಣು ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿ ಜಮೀನಿನ ಕಾಗದ ತೋರಿಸಿದರು. ಸಾಲ ಎಷ್ಟು, ಯಾರಿಗೆ ಎಂದು ಬರೆಸಿಟ್ಟರು. ಶರೀಅತ್‌ನ ಪಾಲಿನಿಂದ ಯಾರನ್ನೂ ಬಿಡಕೂಡದೆಂದು ಗಂಡುಮಕ್ಕಳಿಂದ ಮಾತು ಪಡೆದರು. ಆ ಮಾತನ್ನು ಉಳಿಸುವುದು ಈಗ ಮಕ್ಕಳ ಕೈಯಲ್ಲಿದೆ.

ಆದ್ದರಿಂದ ನಮ್ಮೆಲ್ಲರ ಮನೆಯಲ್ಲಿ ಕೆಲವು ಕೆಲಸಗಳು ತಡವಿಲ್ಲದೆ ಆಗಲಿ. ಬದುಕಿರುವಾಗಲೇ ಸಾಲ, ಅಮಾನತ್‌ಗಳನ್ನು ಬರೆದಿಡಿ. ಹಿರಿಯರು ತೀರಿದ ಮೇಲೆ ವಂಶವೃಕ್ಷ ಮಾಡಿಸುವಾಗ ಒಬ್ಬ ತಂಗಿಯ ಹೆಸರನ್ನೂ ಬಿಡಬೇಡಿ. ಬಿಟ್ಟರೆ ಅದು ಸುಳ್ಳು ಸಾಕ್ಷ್ಯ. ಪಹಣಿಯ ಜಮೀನಿರಲಿ, ಖಾತೆಯ ಸೈಟಿರಲಿ, ಪೌತಿ ಖಾತೆಗೆ ಎಲ್ಲ ವಾರೀಸುದಾರರನ್ನೂ ಸೇರಿಸಿ. ಪಾಲಿನ ಲೆಕ್ಕ ತಿಳಿಯದಿದ್ದರೆ ಆಲಿಮರನ್ನು ಕೇಳಿ, ಕಾಗದಪತ್ರಕ್ಕೆ ವಕೀಲರನ್ನು ಕೇಳಿ. ಹತ್ತಾರು ವರ್ಷದ ಹಿಂದೆ ತಪ್ಪಿದ ಪಾಲೂ ಸಾಲವೇ. ಸೋದರಿ ಬದುಕಿದ್ದರೆ ಅವಳಿಗೆ, ಇಲ್ಲವಾದರೆ ಅವಳ ವಾರೀಸುದಾರರಿಗೆ ಅದನ್ನು ತಲುಪಿಸಿ.

ಯಾ ಅಲ್ಲಾಹ್, ನಮ್ಮನ್ನು ಅಗಲಿದ ಹಿರಿಯರ ತಪ್ಪುಗಳನ್ನು ಮನ್ನಿಸು. ಅವರು ಬೆವರು ಸುರಿಸಿದ ಭೂಮಿ ಮಕ್ಕಳ ನಡುವೆ ಗೋಡೆಯಾಗದಿರಲಿ. ಹಕ್ಕುದಾರರಿಗೆ ಹಕ್ಕು ತಲುಪಿಸಿ ನಿನ್ನ ಮುಂದೆ ನಿಲ್ಲುವ ಭಾಗ್ಯವನ್ನು ನಮಗೆಲ್ಲ ಕರುಣಿಸು. ಆಮೀನ್.