ಅಂಚಿಗೆ ಉಳಿಯುವ ಗೆರೆ

ಕುಷ್ಟಗಿಯಿಂದ ಬಂದ ಪತ್ರದಲ್ಲೂ ಅದೇ, ಗಂಗಾವತಿಯಿಂದ ಬಂದದ್ದರಲ್ಲೂ ಅದೇ ಪ್ರಶ್ನೆ: "ಫೋಟೋದ ಬ್ಯಾಕ್‌ಗ್ರೌಂಡ್ ತೆಗೆದೇವ್ರಿ, ಆದ್ರ ತಲಿ ಸುತ್ತ ಬಿಳಿ ಗೆರಿ ಉಳಿದದ. ಯಾವ ಸಾಫ್ಟ್‌ವೇರ್ ಹಾಕಿದ್ರ ಹೋಗ್ತದ?" ಗವಿಮಠದ ಜಾತ್ರೆಗೆ ಕೊಪ್ಪಳದ ತುಂಬ ಕಟ್ಟುವ ಫ್ಲೆಕ್ಸ್ ನೋಡಿ, ಎಷ್ಟೋ ಮುಖಗಳ ಸುತ್ತ ಈ ಗೆರೆ ಕಾಣುತ್ತದೆ.

ಸಾಫ್ಟ್‌ವೇರ್ ಬದಲಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಫೋಟೋಶಾಪ್‌ಗೆ ದುಡ್ಡು ಕೊಡಬೇಕು, ಜಿಂಪ್ ಪುಕ್ಕಟೆ ಸಿಗುತ್ತದೆ. ಗೆರೆ ಎರಡರಲ್ಲೂ ಬರುತ್ತದೆ. ಕಾರಣ ಫೋಟೋದ ಒಳಗೇ ಇದೆ. ಒಂದು ಪಿಕ್ಸೆಲ್‌ಗೆ ಒಂದೇ ಬಣ್ಣ. ಕೂದಲಿನ ಎಳೆ ಆ ಪಿಕ್ಸೆಲ್‌ನ ಅರ್ಧವನ್ನಷ್ಟೇ ತುಂಬಿದರೆ ಉಳಿದರ್ಧ ಹಿಂದಿನ ಬಿಳಿ ಗೋಡೆ. ಕ್ಯಾಮೆರಾ ಎರಡನ್ನೂ ಕಲಸಿ ಒಂದು ಬೂದು ಬಣ್ಣ ಬರೆದಿಡುತ್ತದೆ. ಅದನ್ನು ಇಟ್ಟುಕೊಂಡರೆ ಗೋಡೆಯೂ ಉಳಿಯಿತು, ಅಳಿಸಿದರೆ ಕೂದಲೂ ಹೋಯಿತು. ಇನ್ನೊಮ್ಮೆ ಹೇಳುತ್ತೇನೆ: ಅಂಚಿನಲ್ಲಿ ಕೂದಲು ಬೇರೆ, ಗೋಡೆ ಬೇರೆ ಅಂತ ಇಲ್ಲವೇ ಇಲ್ಲ. ಅಲ್ಲಿರುವುದು ಮಿಶ್ರಣ. ಇರೇಸರ್ ಹಿಡಿದು ರಾತ್ರಿಯೆಲ್ಲ ಉಜ್ಜಿದರೂ ಮಿಶ್ರಣ ಬೇರ್ಪಡುವುದಿಲ್ಲ.

1970ರ ದಶಕದಲ್ಲೇ ನ್ಯೂಯಾರ್ಕಿನಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರಾದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಇದಕ್ಕೊಂದು ದಾರಿ ಮಾಡಿದರು. ಪ್ರತಿ ಪಿಕ್ಸೆಲ್‌ಗೂ ಬಣ್ಣದ ಜೊತೆ ಇನ್ನೊಂದು ಸಂಖ್ಯೆ, ಹೆಸರು ಆಲ್ಫಾ. ಸಾಮಾನ್ಯ ಚಿತ್ರದಲ್ಲಿ 0 ಅಂದರೆ ಪೂರ್ತಿ ಮರೆ, 255 ಅಂದರೆ ಪೂರ್ತಿ ಗಟ್ಟಿ. ನಡುವಿನದು ಅರೆಬರೆ. ಮಾಸ್ಕ್ ಮಾಡುವುದು ಈ ಕೆಲಸವನ್ನೇ: ಕಪ್ಪು ಬಳಿದಲ್ಲಿ ಮರೆ, ಬಿಳಿ ಬಳಿದಲ್ಲಿ ಪೂರ್ತಿ ಗೋಚರ, ಬೂದು ಬಳಿದಲ್ಲಿ ಅರ್ಧ. ಏನೂ ಅಳಿಯುವುದಿಲ್ಲ, ಬೇಕಾದಾಗ ಹಿಂದಕ್ಕೆ ತರಬಹುದು. ಆದರೂ ಆ ಅರೆಪಾರದರ್ಶಕ ಪಿಕ್ಸೆಲ್‌ನಲ್ಲಿ ಗೋಡೆಯ ಬಣ್ಣ ಕೂತೇ ಇರುತ್ತದೆ. ಫೋಟೋಶಾಪ್‌ನ ಸೆಲೆಕ್ಟ್ ಆ್ಯಂಡ್ ಮಾಸ್ಕ್‌ನಲ್ಲಿ ಡಿಕಂಟಾಮಿನೇಟ್ ಕಲರ್ಸ್ ಅಂತ ಇದೆಯಲ್ಲ, ಅದು ಇರುವುದೇ ಆ ಬಣ್ಣ ತೆಗೆಯುವುದಕ್ಕೆ.

ಇನ್ನೊಂದು ಮಾತು ಕೇಳಿ ಕೇಳಿ ಬೇಸತ್ತಿದ್ದೇನೆ: "ಬಿಳಿ ಗೋಡೆ ಮುಂದೆ ನಿಲ್ಲಿಸಿದ್ರ ಸಲೀಸು." ಯಲಬುರ್ಗಾ ಕಡೆಯ ಹಿರಿಯರು ಬಿಳಿ ರುಮಾಲು, ಬಿಳಿ ಧೋತರದಲ್ಲಿ ಬರುತ್ತಾರೆ. ಗೋಡೆಯ ಜೊತೆ ರುಮಾಲನ್ನೂ ಸಾಫ್ಟ್‌ವೇರ್ ತೆಗೆದುಹಾಕಿದ್ದನ್ನು ನನ್ನ ಸ್ಟುಡಿಯೋದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಬಟ್ಟೆಗೂ ಕೂದಲಿಗೂ ಹೊಂದದ ಬಣ್ಣದ ಪರದೆ ಆರಿಸಿ. ತೀರ ಗಾಢ ಬಣ್ಣವೂ ಬೇಡ, ಅದು ಮೈಮೇಲೆ ಚೆಲ್ಲುತ್ತದೆ. ಕಿನ್ನಾಳದ ಗೊಂಬೆಗಳನ್ನು ಆನ್‌ಲೈನ್ ಮಾರಾಟಕ್ಕೆ ಫೋಟೋ ತೆಗೆಯುವವರು ಗಮನಿಸಿ: ಗರುಡನ ರೆಕ್ಕೆಯ ಹೊಳೆಯುವ ಬಂಗಾರದ ಬಣ್ಣ ಹಿಂದಿನ ನೀಲಿ ಬಟ್ಟೆಯನ್ನೂ ಹಿಡಿಯುತ್ತದೆ. ಬಟ್ಟೆ ತೆಗೆಯಬಹುದು, ರೆಕ್ಕೆಯ ಮೇಲಿನ ನೀಲಿ ತೆಗೆಯುವುದು ಕಷ್ಟ. ಗೊಂಬೆಯನ್ನು ಬಟ್ಟೆಯಿಂದ ಮೂರ್ನಾಲ್ಕು ಅಡಿ ಮುಂದಿಡಿ.

ಸಮಯ ಮುಗಿಯುತ್ತ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಅಂಚನ್ನು ಒಂದು ಪಿಕ್ಸೆಲ್ ಒಳಕ್ಕೆ ಸರಿಸಿ, ತುಸು ಮೆದು ಮಾಡಿ. ಕಪ್ಪು ಹಿನ್ನೆಲೆ ಇಟ್ಟೊಮ್ಮೆ, ಬಿಳಿ ಇಟ್ಟೊಮ್ಮೆ ಪರೀಕ್ಷಿಸಿ. ಪಿಎನ್‌ಜಿಯಲ್ಲೇ ಉಳಿಸಿ, ಜೆಪೆಗ್‌ಗೆ ಪಾರದರ್ಶಕತೆಯೇ ಇಲ್ಲ, ಖಾಲಿ ಜಾಗಕ್ಕೆ ಯಾವುದೋ ಬಣ್ಣ ತುಂಬಿಕೊಳ್ಳುತ್ತದೆ. ಫ್ಲೆಕ್ಸ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ.